ಕೈ ಅಡ್ಡ ಹಾಕುವ ಊರುಗಳು

"ಟಿಕೆಟ್ ಸ್ವಲ್ಪ ಮುಂಚೆಗೆ ಮಾಡಿಸಿಬಿಡಮ್ಮಾ" ಅಂತ ಅಪ್ಪ ಹೇಳಿದ್ದು ಅಮೆರಿಕಕ್ಕೆ ಬಂದ ಇಪ್ಪತ್ತೆರಡನೇ ದಿನ.

ಆರು ತಿಂಗಳಿಗೆ ಅಂತ ಅಪ್ಪ ಅಮ್ಮನನ್ನು ಮಿನಿಯಾಪೊಲಿಸ್‌ಗೆ ಕರೆಸಿಕೊಂಡಿದ್ದೆ. ಅಮ್ಮನಿಗೆ ಮೊಮ್ಮಗ ಪುಟ್ಟ ಇದ್ದಾನೆ, ಅಡುಗೆಮನೆ ಇದೆ, ಫೋನಿನಲ್ಲಿ ಧಾರಾವಾಹಿ ಇದೆ. ಅಪ್ಪನಿಗೆ ಏನೂ ಇರಲಿಲ್ಲ. ಬೆಳಗ್ಗೆ ಐದಕ್ಕೇ ಎದ್ದು, ಶೇವ್ ಮಾಡಿ, ಶರ್ಟ್ ಇನ್ ಮಾಡಿಕೊಂಡು ಸೋಫಾ ಮೇಲೆ ಕೂರುತ್ತಿದ್ದರು. ಡ್ಯೂಟಿಗೆ ಹೊರಟವರ ಹಾಗೆ. ಆದರೆ ಡ್ಯೂಟಿಯೇ ಇಲ್ಲ.

ಅಪ್ಪ ಗೌರ್ಮೆಂಟ್ ಬಸ್ ಡ್ರೈವರ್. ರಿಟೈರ್ ಆಗಿ ನಾಲ್ಕು ವರ್ಷ. ಚನ್ನರಾಯಪಟ್ಟಣದಿಂದ ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಇಳಿದು ಧರ್ಮಸ್ಥಳ. ಈ ಒಂದೇ ರೂಟಿನಲ್ಲಿ 22 ವರ್ಷ ಓಡಿಸಿದವರು. ಇಂಥವರನ್ನು ಕಾರಿಲ್ಲದೆ ಅಂಗಡಿಗೂ ಹೋಗಲಾಗದ ಬಡಾವಣೆಯಲ್ಲಿ ತಂದು ಕೂರಿಸಿದರೆ ಏನಾಗುತ್ತೆ ಹೇಳಿ?

ಟಿಕೆಟ್ ಬದಲಾಯಿಸುವ ಮಾತನ್ನು ಮುಂದೆ ಹಾಕಲು ನನಗೊಂದು ಉಪಾಯ ಬೇಕಿತ್ತು. ಜೂನ್‌ನಲ್ಲಿ ಪುಟ್ಟನ ಸ್ಕೂಲಿಗೆ ರಜೆ. ಒಂದು ಆರ್‌ವಿ ಬಾಡಿಗೆಗೆ ಹಿಡಿದೆ, ಆರು ದಿನಕ್ಕೆ.

"ಅಳಿಯಂದ್ರಿಗೆ ರಜೆ ಸಿಕ್ತಾ?" ಅಂದರು ಅಪ್ಪ.

"ಇಲ್ಲ, ಅವರು ಬರ್ತಿಲ್ಲ. ಪ್ರಾಜೆಕ್ಟ್ ರಿಲೀಸ್ ಇದೆ."

"ಮತ್ತೆ ಯಾರು ಓಡಿಸೋದು?"

"ನಾನು."

ಅಪ್ಪ ಏನೂ ಹೇಳಲಿಲ್ಲ. ಆ ಮೌನ ನನಗೆ ಹೊಸದಲ್ಲ. ಹದಿನೆಂಟು ವರ್ಷವಾಗಿದ್ದಾಗ ಡ್ರೈವಿಂಗ್ ಕಲಿಸು ಅಂತ ಕೇಳಿದ್ದೆ. ಅಣ್ಣನಿಗೆ ಮಾವನ ಜೀಪಿನಲ್ಲಿ ಕಲಿಸಿದ ಅಪ್ಪ, "ನಿಂಗ್ಯಾಕೆ ಸ್ಟೇರಿಂಗು" ಅಂದು ಮಾತು ಮುಗಿಸಿದ್ದರು. ನಾನು ಕಲಿತಿದ್ದು ಇಲ್ಲಿಗೆ ಬಂದ ಮೇಲೆ, ಇಪ್ಪತ್ತೇಳನೇ ವಯಸ್ಸಿಗೆ, ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು. ಮನೆಯಲ್ಲಿ ಡ್ರೈವರ್ ಇಟ್ಟುಕೊಂಡು!

ಮನೆಗೇ ಚಕ್ರ

ಆರ್‌ವಿ ನೋಡದವರಿಗೆ ಒಂದು ಮಾತು. ಮಿನಿ ಬಸ್ಸಿನಷ್ಟು ದೊಡ್ಡ ಗಾಡಿ. ಒಳಗೆ ಎರಡು ಮಂಚ, ಗ್ಯಾಸ್ ಒಲೆ, ಫ್ರಿಜ್, ಸಿಂಕ್, ಪುಟಾಣಿ ಬಚ್ಚಲು. ನಾವು ಹಿಡಿದದ್ದು 25 ಅಡಿ ಉದ್ದದ್ದು. ಇಷ್ಟು ದೊಡ್ಡದನ್ನು ಓಡಿಸಲು ಇಲ್ಲಿ ಬೇರೆ ಲೈಸೆನ್ಸ್ ಬೇಡ, ಮಾಮೂಲಿ ಕಾರಿನದೇ ಸಾಕು. ಇದನ್ನು ಕೇಳಿ ಅಪ್ಪನ ಹುಬ್ಬು ಮೇಲೆ ಹೋಯಿತು. ಹೆವಿ ಲೈಸೆನ್ಸಿಗೆ ಅವರು ಎಷ್ಟು ಅಲೆದಿದ್ದರೋ!

ಅಮ್ಮನ ಚಿಂತೆಯೇ ಬೇರೆ. "ಸಂಡಾಸನ್ನ ಜೊತೇಲೇ ಕಟ್ಕೊಂಡು ಊರೂರು ಸುತ್ತೋದಾ?" ಅಂದು ಒಂದು ಬಾಟಲಿ ಫಿನೈಲ್ ತೆಗೆದಿಟ್ಟುಕೊಂಡರು. ಅದರ ಜೊತೆಗೆ ಅವಲಕ್ಕಿ, ರವೆ, ಚಟ್ನಿಪುಡಿ, ಹುಳಿಯನ್ನದ ಗೊಜ್ಜು.

ಬಾಡಿಗೆ ಕರಾರಿನಲ್ಲಿ ಯಾರ ಹೆಸರಿದೆಯೋ ಅವರು ಮಾತ್ರ ಓಡಿಸಬಹುದು. ಅಪ್ಪ ಪಕ್ಕದ ಸೀಟು. ಸಿಟಿ ದಾಟುವಷ್ಟರಲ್ಲಿ ಅವರ ಬಲಗಾಲು ಇಲ್ಲದ ಬ್ರೇಕನ್ನು ಮೂವತ್ತು ಸಲವಾದರೂ ಒತ್ತಿತ್ತು. ಬಾಯಿ ಮಾತ್ರ ಬಿಗಿ.

ಹಸಿರು ಗೊಮ್ಮಟ

ದೊಡ್ಡ ನ್ಯಾಷನಲ್ ಪಾರ್ಕುಗಳನ್ನು ಎಲ್ಲರೂ ನೋಡುತ್ತಾರೆ. ನಾನು ಬೇಕಂತಲೇ ದಾರಿಬದಿಯ ಚಿಕ್ಕ ಊರುಗಳ ಪಟ್ಟಿ ಮಾಡಿದ್ದೆ. ಅಮೆರಿಕದ ನಡುನಾಡಿನಲ್ಲಿ ಒಂದು ವಿಚಿತ್ರ ಅಭ್ಯಾಸವಿದೆ. ಎರಡು ಮೂರು ಸಾವಿರ ಜನರ ಊರು, ಸುತ್ತ ಬರೀ ಜೋಳದ ಹೊಲ, ಆದರೂ ಊರಿಗೊಂದು 'ಜಗತ್ತಿನಲ್ಲೇ ದೊಡ್ಡದು' ಇರುತ್ತೆ. ಜಗತ್ತಿನಲ್ಲೇ ದೊಡ್ಡ ದಾರದುಂಡೆ, ಜಗತ್ತಿನಲ್ಲೇ ದೊಡ್ಡ ಕಾಡೆಮ್ಮೆ ಪ್ರತಿಮೆ, ಹೀಗೆ.

ಮೊದಲ ಸ್ಟಾಪ್ ಮಿನ್ನೆಸೋಟದ ಬ್ಲೂ ಅರ್ತ್. ನಮ್ಮನೆಯಿಂದ ಎರಡು ಗಂಟೆ ಚಿಲ್ಲರೆ. ಹೆದ್ದಾರಿ ಪಕ್ಕದಲ್ಲೇ ಎಲೆಗಳ ಅಂಗಿ ತೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಗುತ್ತಾ ನಿಂತಿದ್ದಾನೆ ಒಬ್ಬ ಹಸಿರು ಮನುಷ್ಯ. ಡಬ್ಬಿ ತರಕಾರಿಯ ಮೇಲೆ ಚಿತ್ರ ನೋಡಿರುತ್ತೀರಲ್ಲ, ಆ ಗ್ರೀನ್ ಜೈಂಟ್. 55 ಅಡಿ ಎತ್ತರ. ಫೈಬರ್‌ಗ್ಲಾಸ್. ಪುಟ್ಟ ಓಡಿಹೋಗಿ ಅವನ ಎರಡು ಕಾಲಿನ ನಡುವೆ ನಿಂತ.

"ನಮ್ಮ ಗೊಮ್ಮಟನಿಗಿಂತ ಎರಡು ಮೂರಡಿ ಕಮ್ಮಿ" ಅಂದರು ಅಪ್ಪ. ಪ್ರವಾಸದಲ್ಲಿ ಅವರಾಡಿದ ಮೊದಲ ಪೂರ್ತಿ ವಾಕ್ಯ ಅದು. ಶ್ರವಣಬೆಳಗೊಳ ನಮ್ಮ ತಾಲ್ಲೂಕೇ ಅಲ್ಲವಾ!

ಆಮೇಲೆ ಇದನ್ನ ಇಲ್ಲಿ ಯಾಕೆ ನಿಲ್ಲಿಸಿದ್ದಾರೆ ಅಂತ ಕೇಳಿದರು. ನಾನು ಓದಿಕೊಂಡಿದ್ದನ್ನು ಹೇಳಿದೆ. ಊರಿನಲ್ಲಿ ತರಕಾರಿಯನ್ನು ಡಬ್ಬಿಗೆ ತುಂಬುವ ಫ್ಯಾಕ್ಟರಿ ಇತ್ತು. 1970ರ ದಶಕದಲ್ಲಿ ಐ-90 ಹೆದ್ದಾರಿ ಬಂತು, ಊರನ್ನು ಬಿಟ್ಟು ಹೊರಗಿನಿಂದ. 1978ರಲ್ಲಿ ಆ ಹೆದ್ದಾರಿಯ ಪೂರ್ವದ ಭಾಗ, ಪಶ್ಚಿಮದ ಭಾಗ ಈ ಊರಿನ ಹತ್ತಿರವೇ ಕೂಡಿಕೊಂಡವು. ಎಲ್ಲರೂ ಹೊರಗಿಂದ ಹೊರಗೇ ಹೋಗಿಬಿಟ್ಟರೆ ಊರಿನ ಗತಿಯೇನು? ಹೋಗುವವರನ್ನು ನಿಲ್ಲಿಸಲು ಅದೇ ಸುಮಾರಿಗೆ ಈ ದೈತ್ಯನನ್ನು ಎಬ್ಬಿಸಿದರು.

ಅಪ್ಪ ತಲೆಯಾಡಿಸಿದರು. ಅವರಿಗೆ ನನಗಿಂತ ಚೆನ್ನಾಗಿ ಅರ್ಥವಾಗಿತ್ತು. "ಬೈಪಾಸ್ ಆಯ್ತು ಅಂದ್ರೆ ಬಸ್ ಸ್ಟ್ಯಾಂಡ್ ಪಕ್ಕದ ಕಾಫಿ ಹೋಟ್ಲು ಮೊದಲು ಮುಚ್ಚುತ್ತೆ. ಆಮೇಲೆ ಹೂವಿನವಳು ಹೋಗ್ತಾಳೆ. ಈ ಊರು ಬುದ್ಧಿವಂತ ಊರು ಕಣಮ್ಮಾ. ರೋಡಿಗೆ ಬಂದು ಕೈ ಅಡ್ಡ ಹಾಕಿದೆ."

ಕೈ ಅಡ್ಡ ಹಾಕುವುದು! ನಮ್ಮ ಕಡೆ ಸ್ಟಾಪ್ ಇಲ್ಲದ ಕಡೆ ಬಸ್ ಹಿಡಿಯೋದೇ ಹಾಗೆ. ಆ ಮಾತು ಪ್ರವಾಸ ಪೂರ್ತಿ ನನ್ನ ತಲೆಯಲ್ಲಿ ಕೂತಿತು.

ಬರ್ಲಿ, ಬರ್ಲಿ, ಹೋಲ್ಡಾನ್!

ಆ ರಾತ್ರಿ ತಂಗಬೇಕಾದ ಕ್ಯಾಂಪ್‌ಗ್ರೌಂಡಿನಲ್ಲಿ ನಮಗೆ ಸಿಕ್ಕಿದ ಜಾಗಕ್ಕೆ ಗಾಡಿಯನ್ನು ರಿವರ್ಸ್ ತೆಗೆದುಕೊಂಡು ಹೋಗಬೇಕಿತ್ತು. ಒಂದು ಕಡೆ ಮರ, ಇನ್ನೊಂದು ಕಡೆ ಕರೆಂಟ್ ಕಂಬ. ಮೂರು ಸಲ ಹಿಂದೆ ಮುಂದೆ ಮಾಡಿದೆ. ಸುತ್ತಲಿನವರು ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಬೆವರು ಕಿತ್ತುಕೊಂಡು ಬಂತು.

ಅಪ್ಪ ಬಾಗಿಲು ತೆಗೆದು ಇಳಿದರು. ಗಾಡಿಯ ಹಿಂದೆ ಹೋಗಿ ನಿಂತು, ತಗಡನ್ನು ಟಪಟಪ ಬಡಿಯುತ್ತಾ ಶುರು ಮಾಡಿದರು. "ಬರ್ಲಿ, ಬರ್ಲಿ, ಬರ್ಲಿ... ಲೆಫ್ಟಿಗ್ ಹಾಕು... ಇನ್ನೂ ಬರ್ಲಿ... ಹೋಲ್ಡಾನ್!"

ಇಪ್ಪತ್ತೆರಡು ವರ್ಷ ಕಂಡಕ್ಟರುಗಳು ಅವರಿಗೆ ಹೇಳಿದ್ದನ್ನು ಅವರು ನನಗೆ ಹೇಳುತ್ತಿದ್ದರು. ಒಂದೇ ಸಲಕ್ಕೆ ಗಾಡಿ ಸರಿಯಾಗಿ ಕೂತಿತು. ಪಕ್ಕದ ಆರ್‌ವಿಯ ಅಜ್ಜ ಒಬ್ಬರು ಚಪ್ಪಾಳೆ ತಟ್ಟಿದರು.

ಅದೇ ರಾತ್ರಿ ಅಮ್ಮ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದ್ದೇ ತಡ, ಸ್ಮೋಕ್ ಅಲಾರಂ ಕ್ಯಾಂಪಿಗೆಲ್ಲ ಕೇಳುವ ಹಾಗೆ ಕಿರುಚಿತು. ಅದು ಬೇರೆಯದೇ ಕತೆ.

ಜೋಳದ ಅರಮನೆ

ಎರಡನೇ ದಿನ ಸೌತ್ ಡಕೋಟದ ಮಿಚೆಲ್. ಇಲ್ಲಿರುವುದು ಕಾರ್ನ್ ಪ್ಯಾಲೇಸ್. ಗುಮ್ಮಟಗಳಿರುವ ದೊಡ್ಡ ಕಟ್ಟಡ, ಹೊರಗೋಡೆಯ ಚಿತ್ರಗಳೆಲ್ಲ ಮುಸುಕಿನ ಜೋಳದ ತೆನೆಯಿಂದ ಮಾಡಿದ್ದು. ತೆನೆಯನ್ನು ಉದ್ದಕ್ಕೆ ಸೀಳಿ ಮೊಳೆ ಹೊಡೆದು ಕೂರಿಸುತ್ತಾರೆ. ಬಣ್ಣ ಬಳಿಯುವುದಿಲ್ಲ. ಕೆಂಪು, ಕಪ್ಪು, ಹಳದಿ, ಕಂದು ಎಲ್ಲವೂ ಜೋಳದ್ದೇ ಬಣ್ಣ. ಚಿತ್ರಗಳನ್ನು ಕಿತ್ತು ಮತ್ತೆ ಹೊಸದಾಗಿ ಮಾಡುತ್ತಾರೆ.

ಶುರುವಾಗಿದ್ದು 1892ರಲ್ಲಿ. ಇಲ್ಲಿನ ಮಣ್ಣಲ್ಲಿ ಏನೂ ಬೆಳೆಯಲ್ಲ ಅನ್ನುವವರಿಗೆ ಬೆಳೆದು ತೋರಿಸಲು ಊರಿನವರು ಕಟ್ಟಿದ್ದು. ಈಗಿರುವುದು 1921ರ ಕಟ್ಟಡ. ಒಳಗೆ ಊರಿನ ಮಕ್ಕಳು ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ.

"ಇಷ್ಟೊಂದು ತೆನೆ ಗೋಡೆಗೆ ಹೊಡೆದವ್ರೆ, ಹಕ್ಕಿ ತಿನ್ನಲ್ವಾ?" ಅಂದರು ಅಮ್ಮ. ತಿನ್ನುತ್ತವೆ. ಜಗತ್ತಿನಲ್ಲೇ ದೊಡ್ಡ ಹಕ್ಕಿ ತಟ್ಟೆ ಅಂತ ತಮಾಷೆಗೆ ಕರೆಯುತ್ತಾರಂತೆ ಅಂದೆ. ಅಮ್ಮನಿಗೆ ಆಗ ಸಮಾಧಾನ. "ಹಂಗಾದ್ರೆ ಪುಣ್ಯದ ಕೆಲಸವೇ ಬಿಡು."

ಅಪ್ಪ ಕಟ್ಟಡವನ್ನು ಸುತ್ತು ಹಾಕಿದರು. ಒಂದಲ್ಲ, ಎರಡು ಸುತ್ತು. ಮುಕ್ಕಾಲು ಗಂಟೆ. ಅವಸರವೇ ಇಲ್ಲ. ವಾಪಸ್ ಬಂದು ಮೆಟ್ಟಿಲ ಮೇಲೆ ಕೂತು ಹೇಳಿದರು: "ನಾನು ಊರೂರಲ್ಲೂ ಬಸ್ ನಿಲ್ಲಿಸಿದೀನಿ ಕಣಮ್ಮಾ. ಒಂದೂರಲ್ಲೂ ಇಳಿದಿಲ್ಲ."

ನಮ್ಮನ್ನು ಯಾವ ಊರಿಗೂ ಕರೆದುಕೊಂಡು ಹೋಗಲಿಲ್ಲ ಅನ್ನುವ ಸಿಟ್ಟು ಚಿಕ್ಕಂದಿನಿಂದ ನನ್ನಲ್ಲಿತ್ತು. ಹಬ್ಬದ ದಿನ, ಜಾತ್ರೆಯ ದಿನ, ಬೇಸಿಗೆ ರಜೆಯಲ್ಲಿ ಅಪ್ಪನಿಗೆ ಡಬಲ್ ಡ್ಯೂಟಿ. ನಮ್ಮ ಫೀಸು ಬರುತ್ತಿದ್ದುದೇ ಅದರಿಂದ. ಊರಿನವರೆಲ್ಲ ಅಪ್ಪನ ಬಸ್ಸಿನಲ್ಲಿ ಯಾತ್ರೆ ಹೋಗುತ್ತಿದ್ದರು, ನಾವು ಮನೆಯಲ್ಲಿ. ಅವರೂ ಯಾತ್ರೆ ಮಾಡಿರಲಿಲ್ಲ ಅನ್ನುವುದು ನನಗೆ ಹೊಳೆದಿದ್ದೇ ಆ ಮೆಟ್ಟಿಲ ಮೇಲೆ.

ಗಾಳಿ ಕಲಿಸಿದ ಪಾಠ

ಮಿಚೆಲ್‌ನಿಂದ ಪಶ್ಚಿಮಕ್ಕೆ 220 ಮೈಲಿ ಹೋದರೆ ವಾಲ್ ಅನ್ನುವ ಊರು. ನಡುವೆ ಮಿಸೂರಿ ನದಿ, ಅದನ್ನು ದಾಟಿದರೆ ಬರೀ ಹುಲ್ಲುಗಾವಲು. ಮರವಿಲ್ಲ, ಗುಡ್ಡವಿಲ್ಲ, ಅಡ್ಡಗಾಳಿ ಮಾತ್ರ. ಆರ್‌ವಿಯ ಉದ್ದನೆಯ ಗೋಡೆಗೆ ಗಾಳಿ ಹೊಡೆದರೆ ಗಾಡಿ ಪಕ್ಕದ ಲೇನಿಗೆ ಜಾರುತ್ತೆ. ದೊಡ್ಡ ಲಾರಿಯೊಂದು ಓವರ್‌ಟೇಕ್ ಮಾಡಿದಾಗ ನಿಜಕ್ಕೂ ಕೈ ನಡುಗಿತು. ಹಿಂದೆ ಅಮ್ಮ ಮಂಜುನಾಥನ ಹೆಸರು ಹೇಳುತ್ತಿದ್ದರು.

"ಸ್ಟೇರಿಂಗ್ ಅಷ್ಟು ಬಿಗಿ ಹಿಡೀಬೇಡ" ಅಂದರು ಅಪ್ಪ. ದನಿ ಏರಿಸಲಿಲ್ಲ. "ಸ್ಪೀಡ್ ಇಳಿಸು. ಬ್ರೇಕ್ ಮುಟ್ಟಬೇಡ, ಕಾಲು ತೆಗಿ ಸಾಕು. ಲಾರಿ ಪಕ್ಕಕ್ಕೆ ಬಂದಾಗ ಮೊದಲು ನಿನ್ನ ಆಚೆ ತಳ್ಳುತ್ತೆ, ದಾಟುವಾಗ ಒಳಕ್ಕೆ ಎಳೆಯುತ್ತೆ. ಎರಡೂ ಗೊತ್ತಿದ್ರೆ ಹೆದರಿಕೆ ಇರಲ್ಲ. ಹತ್ತಿರ ನೋಡಬೇಡ, ದೂರ ನೋಡು."

ಮುಂದಿನ ಲಾರಿ ಬಂತು. ತಳ್ಳಿತು, ಎಳೆಯಿತು, ಹೋಯಿತು. ಗಾಡಿ ಲೇನ್ ಬಿಡಲಿಲ್ಲ.

"ಹ್ಞಾಂ" ಅಂದರು ಅಪ್ಪ.

ನನ್ನ ಮೊದಲ ಡ್ರೈವಿಂಗ್ ಪಾಠ ಮುಗಿದಿತ್ತು. ಹದಿನಾರು ವರ್ಷ ಲೇಟು. ಅಂದಿನಿಂದ ಅವರ ಕಾಲು ಬ್ರೇಕ್ ಒತ್ತುವುದನ್ನು ನಿಲ್ಲಿಸಿತು.

ನೆಬ್ರಾಸ್ಕಕ್ಕೆ ಮುಂಚೆ ಒಂದು ಅರವಟ್ಟಿಗೆ

ವಾಲ್‌ನಲ್ಲಿ ಸಾವಿರ ಜನವೂ ಇಲ್ಲ. ಆದರೆ ನೂರಾರು ಮೈಲಿ ಮುಂಚಿನಿಂದಲೇ ಹೊಲಗಳಲ್ಲಿ ಬೋರ್ಡುಗಳು ಶುರುವಾಗುತ್ತವೆ: ವಾಲ್ ಡ್ರಗ್, ವಾಲ್ ಡ್ರಗ್. ಪುಟ್ಟ ಎಣಿಸಲು ಹೋಗಿ ಸುಸ್ತಾದ.

1931ರಲ್ಲಿ ಟೆಡ್ ಹಸ್ಟೆಡ್, ಡೊರೊಥಿ ಅನ್ನುವ ದಂಪತಿ ಇಲ್ಲೊಂದು ಔಷಧಿ ಅಂಗಡಿ ಕೊಂಡರು. ಆರ್ಥಿಕ ಕುಸಿತದ ಕಾಲ, ಗಿರಾಕಿಗಳೇ ಇಲ್ಲ. ಐದು ವರ್ಷ ನೋಡೋಣ ಅಂದುಕೊಂಡಿದ್ದರಂತೆ. 1936ರ ಬೇಸಿಗೆಯ ಒಂದು ಮಧ್ಯಾಹ್ನ ಮಲಗಲು ಹೋದ ಡೊರೊಥಿಗೆ ಹೆದ್ದಾರಿಯ ಕಾರುಗಳ ಸದ್ದಿಗೆ ನಿದ್ದೆ ಬರಲಿಲ್ಲ. ಈ ಬಿಸಿಲಲ್ಲಿ ಹೋಗುವವರಿಗೆ ಏನು ಬೇಕು? ತಣ್ಣೀರು! ರಸ್ತೆಗೆ ಬೋರ್ಡು ಹಾಕಿದರು: ಐಸ್ ನೀರು, ಪುಕ್ಕಟೆ. ಜನ ನಿಲ್ಲತೊಡಗಿದರು. ನೀರು ಕುಡಿದವರು ಸುಮ್ಮನೆ ಹೋಗುತ್ತಾರಾ? ಐಸ್‌ಕ್ರೀಮೂ ತಗೊಂಡರು. ಇವತ್ತು ಆ ಅಂಗಡಿಯೇ ಒಂದು ಬೀದಿಯಷ್ಟು ದೊಡ್ಡದಾಗಿದೆ. ಹೆದ್ದಾರಿ ಬದಿಗೆ 80 ಅಡಿಯ ಡೈನೋಸಾರ್ ಬೇರೆ.

ಐಸ್ ನೀರು ಈಗಲೂ ಪುಕ್ಕಟೆ. ಕಾಫಿ ಐದು ಸೆಂಟ್.

"ಅರವಟ್ಟಿಗೆ!" ಅಂದರು ಅಮ್ಮ. ರಾಮನವಮಿಗೆ ನಮ್ಮೂರ ರಸ್ತೆಯಲ್ಲಿ ಚಪ್ಪರ ಹಾಕಿ ನೀರುಮಜ್ಜಿಗೆ, ಪಾನಕ ಕೊಡುವುದು ಅವರ ಕಣ್ಣ ಮುಂದೆ ಬಂದಿರಬೇಕು. ಅಪ್ಪ ಲೆಕ್ಕ ಹಾಕಿದರು. ಐದು ಸೆಂಟ್ ಅಂದರೆ ನಾಲ್ಕು ರೂಪಾಯಿ ಚಿಲ್ಲರೆ. ಅಮೆರಿಕಕ್ಕೆ ಬಂದ ಮೇಲೆ ಮೊದಲ ಸಲ ಅವರು ತಮ್ಮ ಜೇಬಿನಿಂದ ದುಡ್ಡು ತೆಗೆದು ಎಲ್ಲರಿಗೂ ಕಾಫಿ ಕೊಡಿಸಿದರು. ಎದೆ ಸೆಟೆದಿತ್ತು.

ಪಕ್ಕದ ಬೆಂಚಿನಲ್ಲಿ ಟೋಪಿ ಹಾಕಿದ ವಯಸ್ಸಾದವರೊಬ್ಬರಿದ್ದರು. ಲಾರಿ ಓಡಿಸಿ ರಿಟೈರ್ ಆದವರು. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರಿಗೆ ಕನ್ನಡ ಬಾರದು. ಆದರೆ ಗೇರು, ಬ್ರೇಕು, ಟೈರು, ಡೀಸೆಲ್ಲು ಎರಡು ಕಡೆಗೂ ಅದೇ ತಾನೆ? ನಮ್ಮ ಆರ್‌ವಿಯ ಮೈಲೇಜ್ ಗ್ಯಾಲನ್ನಿಗೆ ಹತ್ತು ಮೈಲಿಯೂ ಇಲ್ಲ ಅಂತ ತಿಳಿದು ಇಬ್ಬರೂ ಒಟ್ಟಿಗೆ ತಲೆ ಅಲ್ಲಾಡಿಸಿದರು. "ಐವತ್ತು ಜನರನ್ನ ಹೊತ್ಕೊಂಡು ನನ್ನ ಬಸ್ಸು ಇದಕ್ಕಿಂತ ಚೆನ್ನಾಗಿ ಕೊಡ್ತಿತ್ತು" ಅಂತ ಅಪ್ಪ ಹೇಳಿದ್ದನ್ನು ನಾನು ಇಂಗ್ಲಿಷಿಗೆ ತರ್ಜುಮೆ ಮಾಡಿದೆ. ಒಂದು ಗಂಟೆ ಕೂತಿದ್ದರು ಇಬ್ಬರೂ.

ಅಪ್ಪನಿಗಾಗಿ ನಿಂತ ಕಾರುಗಳು

ವಾಲ್‌ನಿಂದ ದಕ್ಷಿಣಕ್ಕೆ ತಿರುಗಿ ಅರ್ಧ ದಿನ ಹೋದರೆ ನೆಬ್ರಾಸ್ಕದ ಅಲಯನ್ಸ್. ಊರಾಚೆ ಹೊಲದಲ್ಲಿದೆ ಕಾರ್‌ಹೆಂಜ್. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಗೊತ್ತಲ್ಲ, ವೃತ್ತಾಕಾರದಲ್ಲಿ ನಿಲ್ಲಿಸಿದ ಪುರಾತನ ಕಲ್ಲುಗಳು? ಅದರದ್ದೇ ಅಚ್ಚು, ಆದರೆ ಕಲ್ಲಿನ ಬದಲು ಹಳೇ ಕಾರುಗಳು. ಸುಮಾರು ನಲವತ್ತು. ಕೆಲವನ್ನು ಗುಂಡಿ ತೋಡಿ ನೆಟ್ಟಗೆ ನಿಲ್ಲಿಸಿದ್ದಾರೆ, ಅವುಗಳ ಮೇಲೆ ಅಡ್ಡಡ್ಡ ಕಾರಿಟ್ಟು ವೆಲ್ಡ್ ಮಾಡಿದ್ದಾರೆ. ಎಲ್ಲಕ್ಕೂ ಕಲ್ಲಿನ ಬೂದು ಬಣ್ಣ. ಪ್ರವೇಶ ಉಚಿತ.

ಮಾಡಿದವರು ಜಿಮ್ ರೈಂಡರ್ಸ್. ಇಂಗ್ಲೆಂಡಿನಲ್ಲಿದ್ದಾಗ ಸ್ಟೋನ್‌ಹೆಂಜನ್ನು ಹತ್ತಿರದಿಂದ ನೋಡಿದ್ದರು. 1982ರಲ್ಲಿ ಅವರ ಅಪ್ಪ ತೀರಿಕೊಂಡಾಗ ಕುಟುಂಬದವರೆಲ್ಲ ಸೇರಿದ್ದರು. ಐದು ವರ್ಷದ ನಂತರ ಮತ್ತೆ ಸೇರಿ ಏನಾದರೂ ನೆನಪು ನಿಲ್ಲಿಸೋಣ ಅಂತ ಮಾತಾಯಿತು. 1987ರ ಜೂನ್‌ನಲ್ಲಿ ಬಂಧುಬಳಗದ ಮೂವತ್ತಕ್ಕೂ ಹೆಚ್ಚು ಜನ ಬಂದು, ಅಪ್ಪ ಬದುಕಿದ್ದ ಹೊಲದಲ್ಲೇ ಈ ಕಾರುಗಳನ್ನು ನಿಲ್ಲಿಸಿದರು. ಮೊದಮೊದಲು ಊರಿನವರಿಗೆ ಇದು ಗುಜರಿ ಅನ್ನಿಸಿ, ಕೆಡವಬೇಕು ಅನ್ನುವವರೂ ಇದ್ದರು. ಆಮೇಲೆ ನೋಡಲು ಜನ ಬರತೊಡಗಿದರು. ಈಗ ಅದು ಊರಿನ ಹೆಮ್ಮೆ.

ಅಪ್ಪ ಒಂದೊಂದು ಕಾರನ್ನೂ ಬೆರಳಲ್ಲಿ ತಟ್ಟಿ ನೋಡಿದರು. ಪುಟ್ಟ ಅವರ ಹಿಂದೆ. ಸಂಜೆ ಬಿಸಿಲು ಕಾರುಗಳ ಸಂದಿಯಿಂದ ಹಾಯುತ್ತಿತ್ತು.

"ಅಪ್ಪನ ನೆನಪಿಗೆ ಮಾಡಿದ್ದಾ?" ಅಂತ ಮತ್ತೊಂದು ಸಲ ಕೇಳಿದರು.

"ಹ್ಞೂಂ."

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಊರಿಗೆ ಹೋಗ್ತೀನಿ ಅಂದಿದ್ದಕ್ಕೆ ಬೇಜಾರು ಮಾಡ್ಕೋಬೇಡ. ನೀನು ಚೆನ್ನಾಗಿ ನೋಡ್ಕೋತಿದೀಯ. ಅದಲ್ಲ. ಅಲ್ಲಿ ಬೆಳಗ್ಗೆ ಪೇಟೆಗೆ ಹೊರಟ್ರೆ ಹತ್ತು ಜನ ಕೈ ಅಡ್ಡ ಹಾಕ್ತಾರೆ. ಡ್ರೈವರಣ್ಣ, ಕಾಫಿ ಆಯ್ತಾ ಅಂತಾರೆ. ಇಲ್ಲಿ ನಂಗೆ ಯಾರು ಕೈ ಅಡ್ಡ ಹಾಕ್ತಾರೆ ಹೇಳು?"

ನನ್ನ ಹತ್ತಿರ ಉತ್ತರವಿರಲಿಲ್ಲ. ಇನ್ನೂ ಮೂರು ತಿಂಗಳು ಇರಿ ಅಂತ ಒಪ್ಪಿಸಲು ಆರು ದಿನದಿಂದ ಏನೇನೋ ಮಾತು ಜೋಡಿಸಿಕೊಂಡಿದ್ದೆ. ಒಂದನ್ನೂ ಆಡಲಿಲ್ಲ. "ಗೌರಿ ಹಬ್ಬದ ಹೊತ್ತಿಗೆ ಊರಲ್ಲಿರೋ ಹಾಗೆ ಮಾಡಿಸ್ತೀನಿ ಅಪ್ಪಾ" ಅಂದೆ.

ಹೊರಡುವವರಿಗೆ ನಾಲ್ಕು ಮಾತು

* ಬೇಸಿಗೆ ವಾರಾಂತ್ಯಕ್ಕೆ ಕ್ಯಾಂಪ್‌ಗ್ರೌಂಡನ್ನು ಮೊದಲೇ ಬುಕ್ ಮಾಡಿ. ರಿವರ್ಸ್ ಭಯವಿದ್ದರೆ ನೇರ ಒಳಹೋಗಿ ನೇರ ಹೊರಬರುವ ಜಾಗ ಕೇಳಿ.
* ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಹತ್ತಿರ ಅಂಟಿಸಿ. ತಗ್ಗು ಸೇತುವೆ, ಹೋಟೆಲ್ ಪೋರ್ಟಿಕೊ ಎರಡೂ ಅಪಾಯ.
* ಬಚ್ಚಲು, ಕಕ್ಕಸಿನ ಟ್ಯಾಂಕ್ ಖಾಲಿ ಮಾಡುವ ಕೆಲಸಕ್ಕೆ ಕೈಗವಸು ಇರಲಿ. ಮೊದಲು ಕಕ್ಕಸಿನದು, ಆಮೇಲೆ ಬಚ್ಚಲಿನದು. ಪೈಪ್ ತಾನೇ ತೊಳೆದುಕೊಳ್ಳುತ್ತೆ. ನಮ್ಮಲ್ಲಿ ಈ ಕೆಲಸ ಅಪ್ಪನದೇ, ಕೇಳದೆಯೇ ಮಾಡಿದರು.
* ಒಗ್ಗರಣೆ ಹೊರಗೆ ಹಾಕಿ! ಒಂದು ಪುಟ್ಟ ಕ್ಯಾಂಪ್ ಸ್ಟೌ ಸಾಕು.
* ದಿನಕ್ಕೆ ನಾಲ್ಕೈದು ಗಂಟೆಗಿಂತ ಹೆಚ್ಚು ಓಡಿಸಬೇಡಿ. ನಿಲ್ಲುವುದಕ್ಕೇ ಹೊರಟಿರುವುದು ಅನ್ನುವುದು ನೆನಪಿರಲಿ.
* ಅಪ್ಪ ಅಮ್ಮನಿಗೆ ಟ್ರಾವೆಲ್ ಇನ್ಶೂರೆನ್ಸ್ ಇದೆಯಾ ನೋಡಿಕೊಳ್ಳಿ.

ಕೊನೆಯ ಸ್ಟಾಪ್

ಗೌರಿ ಹಬ್ಬಕ್ಕೆ ಅವರು ಊರಲ್ಲಿದ್ದರು. ಏರ್‌ಪೋರ್ಟಿಗೆ ಬಿಡಲು ಕಾರು ತೆಗೆದಾಗ ಅಪ್ಪ ತಾವಾಗಿಯೇ ಮುಂದಿನ ಸೀಟಿನಲ್ಲಿ ಕೂತು, ದಾರಿ ಪೂರ್ತಿ ಕಿಟಕಿಯಾಚೆ ನೋಡುತ್ತಿದ್ದರು.

ಕಳೆದ ತಿಂಗಳು ವಾಟ್ಸಾಪ್‌ನಲ್ಲಿ ಒಂದು ಫೋಟೊ ಬಂತು. ಸಕಲೇಶಪುರದ ಮಂಜರಾಬಾದ್ ಕೋಟೆ. ಟಿಪ್ಪು ಕಟ್ಟಿಸಿದ್ದು, ಮೇಲಿನಿಂದ ನೋಡಿದರೆ ಎಂಟು ಮೂಲೆಯ ನಕ್ಷತ್ರ. ಹೆದ್ದಾರಿಯ ಪಕ್ಕದಲ್ಲೇ ಇದೆ, ಮೆಟ್ಟಿಲು ಹತ್ತಿದರಾಯಿತು. ಕೋಟೆ ಬಾಗಿಲಲ್ಲಿ ಅಮ್ಮ ಸೆರಗು ಸುತ್ತಿಕೊಂಡು ಏದುಸಿರು ಬಿಡುತ್ತಾ ನಿಂತಿದ್ದಾರೆ. ಪಕ್ಕದಲ್ಲಿ ಅಪ್ಪ, ಶರ್ಟ್ ಇನ್ ಮಾಡಿಕೊಂಡು.

ಕೆಳಗೆ ವಾಯ್ಸ್ ಮೆಸೇಜು: "ಇಪ್ಪತ್ತೆರಡು ವರ್ಷ ಇದರ ಕೆಳಗೆ ಬಸ್ ಓಡಿಸಿದೀನಿ ಕಣಮ್ಮಾ. ಇವತ್ತು ಕಂಡಕ್ಟರ್‌ಗೆ ಹೋಲ್ಡಾನ್ ಅಂದು ಇಳಿದುಬಿಟ್ವಿ."